ಮಗುಚಿದ ಸಕ್ಕರೆ: ಜೇನಿನ ಬಾಟಲಿಯಿಂದ ಜೋನಿಬೆಲ್ಲದ ಡಬ್ಬದವರೆಗೆ

ಕೊಪ್ಪದ ಬಸ್ ನಿಲ್ದಾಣದಲ್ಲಿ ಕೊಂಡ ಬಿಸ್ಕತ್ತಿನ ಪೊಟ್ಟಣವನ್ನು ಎಂದಾದರೂ ತಿರುಗಿಸಿ, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿದ್ದೀರಾ? ಗೋಧಿ ಹಿಟ್ಟು, ಸಕ್ಕರೆ, ಎಣ್ಣೆ ಎಂದು ಸಾಗುವ ಆ ಪಟ್ಟಿಯಲ್ಲಿ ಎಷ್ಟೋ ಸಲ ‘ಇನ್ವರ್ಟ್ ಶುಗರ್ ಸಿರಪ್’ ಎಂಬ ಹೆಸರೂ ಇರುತ್ತದೆ. ಸಕ್ಕರೆ ಎಂದು ಒಮ್ಮೆ ಬರೆದಾಯಿತಲ್ಲ, ಮತ್ತೆ ಇದೇನು ಬೇರೊಂದು ಸಕ್ಕರೆ ಎಂದು ನಿಮಗೆ ಅನಿಸಿದ್ದರೆ, ಈ ಲೇಖನ ನಿಮಗಾಗಿಯೇ.

ಹೆಸರು ಅಪರಿಚಿತ, ಆದರೆ ವಸ್ತು ನಿಮಗೆ ಚಿಕ್ಕಂದಿನಿಂದ ಗೊತ್ತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಅಡುಗೆಮನೆಯ ನಾಗಂದಿಗೆಯಲ್ಲಿ ಒಂದು ಬಾಟಲಿ ತುಡುವೆ ಜೇನು, ಪಕ್ಕದಲ್ಲಿ ಒಂದು ಡಬ್ಬ ಜೋನಿಬೆಲ್ಲ ಇದ್ದರೆ, ಈ ‘ಇನ್ವರ್ಟ್’ ಸಕ್ಕರೆ ಅವೆರಡರಲ್ಲೂ ಇದೆ. ಜೇನಿನಲ್ಲಿ ಬಹುಪಾಲು ಅದೇ, ಜೋನಿಬೆಲ್ಲದಲ್ಲಿ ಒಂದು ಪಾಲು. ಪಾಠದಲ್ಲಿ ನಾನು ಇದನ್ನು ‘ಮಗುಚಿದ ಸಕ್ಕರೆ’ ಎಂದು ಕರೆಯುವುದುಂಟು. ಏನು ಮಗುಚಿತು, ಯಾರು ಮಗುಚಿದರು ಎಂಬುದನ್ನು ನಿಧಾನವಾಗಿ ನೋಡೋಣ. ರಸಾಯನಶಾಸ್ತ್ರ ಓದಿಲ್ಲವೆಂದು ಹಿಂಜರಿಯಬೇಡಿ. ಹೊಸ ಪದ ಬಂದಲ್ಲೆಲ್ಲ ಅದರ ಅರ್ಥವನ್ನು ಹೇಳಿಯೇ ಮುಂದೆ ಹೋಗುತ್ತೇನೆ.

ಮೊದಲು ಬುನಾದಿ. ಇಂಗಾಲ, ಜಲಜನಕ, ಆಮ್ಲಜನಕ ಈ ಮೂರು ಮೂಲವಸ್ತುಗಳು ಒಂದು ಕ್ರಮದಲ್ಲಿ ಕೂಡಿ ಆಗುವ ಒಂದು ದೊಡ್ಡ ಕುಟುಂಬಕ್ಕೆ ಕಾರ್ಬೋಹೈಡ್ರೇಟ್ ಎಂದು ಹೆಸರು. ಅಕ್ಕಿಯ ಪಿಷ್ಟ, ಹತ್ತಿಯ ನಾರು, ಕಬ್ಬಿನ ಸಕ್ಕರೆ ಎಲ್ಲವೂ ಇದೇ ಕುಟುಂಬದವು. ಈ ಕುಟುಂಬದ ಅತಿ ಚಿಕ್ಕ ಸದಸ್ಯರಲ್ಲಿ ಎರಡು ನಮಗೆ ಇಂದು ಮುಖ್ಯ: ಗ್ಲೂಕೋಸ್ ಮತ್ತು ಫ್ರಕ್ಟೋಸ್. ಎರಡರಲ್ಲೂ ಆರು ಇಂಗಾಲ, ಹನ್ನೆರಡು ಜಲಜನಕ, ಆರು ಆಮ್ಲಜನಕದ ಪರಮಾಣುಗಳಿವೆ. ಲೆಕ್ಕ ಒಂದೇ, ಜೋಡಣೆ ಬೇರೆ. ಜೋಡಣೆ ಬೇರೆಯಾದ್ದರಿಂದ ಸ್ವಭಾವವೂ ಬೇರೆ. ಫ್ರಕ್ಟೋಸ್ ನಾವು ಬಳಸುವ ಸಕ್ಕರೆಗಿಂತ ಹೆಚ್ಚು ಸಿಹಿ, ಗ್ಲೂಕೋಸ್ ಅದಕ್ಕಿಂತ ಕಡಿಮೆ ಸಿಹಿ. ನೀರಿನಲ್ಲಿ ಫ್ರಕ್ಟೋಸ್ ಸರಾಗವಾಗಿ ಕರಗಿ ಕರಗಿಯೇ ಇರುತ್ತದೆ. ಗ್ಲೂಕೋಸ್ ಅಷ್ಟು ಸುಲಭವಾಗಿ ಕರಗದು, ಸಂದರ್ಭ ಸಿಕ್ಕರೆ ಹರಳಾಗಿ ಕೆಳಗೆ ಕೂರುತ್ತದೆ. ಈ ಕೊನೆಯ ಎರಡು ವಾಕ್ಯಗಳನ್ನು ನೆನಪಿನಲ್ಲಿಡಿ, ಜೇನಿನ ಹತ್ತಿರ ಬಂದಾಗ ಬೇಕಾಗುತ್ತವೆ.

ನಾವು ಕಾಫಿಗೆ ಹಾಕುವ ಸಕ್ಕರೆ ಇವೆರಡರಲ್ಲಿ ಯಾವುದೂ ಅಲ್ಲ. ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಬೆಸೆದುಕೊಂಡಾಗ ಆಗುವ ಜೋಡಿ ಅದು. ಅದರ ಹೆಸರು ಸುಕ್ರೋಸ್. ಬೆಸೆಯುವಾಗ ಒಂದು ನೀರಿನ ಅಣು ಹೊರಬಿದ್ದಿರುತ್ತದೆ. ಆದ್ದರಿಂದ ಈ ಬೆಸುಗೆಯನ್ನು ಬಿಡಿಸಬೇಕಾದರೆ ಆ ನೀರಿನ ಅಣುವನ್ನು ಮರಳಿ ಕೊಡಬೇಕು. ನೀರನ್ನು ಸೇರಿಸಿಕೊಂಡು ಅಣು ಒಡೆಯುವ ಈ ಕ್ರಿಯೆಗೆ ಜಲವಿಭಜನೆ ಎಂದು ಹೆಸರು. ತೂಕದಲ್ಲಿ ಹೇಳುವುದಾದರೆ 342 ಪಾಲು ಸುಕ್ರೋಸ್, 18 ಪಾಲು ನೀರು ಸೇರಿ 180 ಪಾಲು ಗ್ಲೂಕೋಸ್, 180 ಪಾಲು ಫ್ರಕ್ಟೋಸ್ ಆಗುತ್ತದೆ. 100 ಗ್ರಾಂ ಸಕ್ಕರೆ ಪೂರ್ತಿ ಒಡೆದರೆ ಸುಮಾರು 105 ಗ್ರಾಂ ಸಿಹಿ ಸಿಗುತ್ತದೆ ಎಂದಾಯಿತು. ಆ ಹೆಚ್ಚುವರಿ ಐದು ಗ್ರಾಂ ಶುದ್ಧ ನೀರಿನ ಕೊಡುಗೆ. (ಕಾರ್ಖಾನೆಯವರಿಗೆ ಇದು ಸಣ್ಣ ಲಾಭವಲ್ಲ.)

ಹೀಗೆ ಸುಕ್ರೋಸ್ ಒಡೆದು ಸಮಸಮ ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆದ ಮಿಶ್ರಣವೇ ಇನ್ವರ್ಟ್ ಸಕ್ಕರೆ. ಅದು ಮೂರನೆಯ ಹೊಸ ವಸ್ತುವಲ್ಲ, ಎರಡು ಹಳೆಯ ವಸ್ತುಗಳ ಮಿಶ್ರಣ ಅಷ್ಟೆ.

ಸಕ್ಕರೆಯನ್ನು ಬರಿ ನೀರಿನಲ್ಲಿ ಕರಗಿಸಿಟ್ಟರೆ ಇದು ನಡೆಯುವುದಿಲ್ಲವೇ? ನಡೆಯುತ್ತದೆ ಎನ್ನಲಾಗದಷ್ಟು ನಿಧಾನ. ವೇಗ ಬೇಕಾದರೆ ಹುಳಿ ಬೇಕು, ಬಿಸಿ ಬೇಕು. ಅಥವಾ ಕಿಣ್ವ ಬೇಕು. ಕಿಣ್ವವೆಂದರೆ ಜೀವಕೋಶಗಳು ತಯಾರಿಸುವ, ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವ ಪ್ರೋಟೀನು. ಸುಕ್ರೋಸನ್ನು ಒಡೆಯುವ ಕಿಣ್ವಕ್ಕೆ ಇನ್ವರ್ಟೇಸ್ ಎಂದೇ ಹೆಸರು. ಹುಳಿಯ ದಾರಿಯನ್ನು ನಿಮ್ಮ ಮನೆಯಲ್ಲಿ ಅಮ್ಮ, ಅಜ್ಜಿ ಬಳಸಿದ್ದಾರೆ. ಜಾಮೂನಿಗೋ ಜಿಲೇಬಿಗೋ ಎಳೆಪಾಕ ಕಾಯಿಸುವಾಗ ನಾಲ್ಕು ಹನಿ ನಿಂಬೆರಸ ಹಿಂಡುತ್ತಾರಲ್ಲ, ಪಾಕ ಸಕ್ಕರೆಗಟ್ಟಬಾರದೆಂದು? ನಿಂಬೆಯ ಹುಳಿ, ಒಲೆಯ ಬಿಸಿ ಸೇರಿ ಪಾಕದ ಸುಕ್ರೋಸಿನಲ್ಲಿ ಒಂದು ಭಾಗವನ್ನು ಒಡೆದುಬಿಡುತ್ತವೆ. ಹರಳು ಬೆಳೆಯಬೇಕಾದರೆ ಒಂದೇ ಬಗೆಯ ಅಣುಗಳು ಸಾಲುಸಾಲಾಗಿ ಕೂರಬೇಕು. ನಡುವೆ ಗ್ಲೂಕೋಸ್, ಫ್ರಕ್ಟೋಸ್ ನುಗ್ಗಿದರೆ ಸಾಲು ಕೆಡುತ್ತದೆ, ಪಾಕ ಮರಳು ಮರಳಾಗದೆ ನುಣುಪಾಗಿಯೇ ಉಳಿಯುತ್ತದೆ. ಬಿಸ್ಕತ್ತಿನ ಕಾರ್ಖಾನೆಯಲ್ಲಿ ನಿಂಬೆರಸದ ಬದಲು ಸಿಟ್ರಿಕ್ ಆಮ್ಲ ಹಾಕುತ್ತಾರೆ. ನಿಂಬೆಯಲ್ಲಿ ಇರುವುದೂ ಅದೇ ಆಮ್ಲ.

ಈಗ ಹೆಸರಿನ ವಿಷಯ. ‘ಇನ್ವರ್ಟ್’ ಎಂದರೆ ಮಗುಚು, ದಿಕ್ಕು ಬದಲಿಸು. ಆದರೆ ಇಲ್ಲಿಯವರೆಗೆ ನಾವು ನೋಡಿದ್ದು ಒಡೆಯುವುದನ್ನು, ಮಗುಚುವುದನ್ನಲ್ಲ. ನಿಜಕ್ಕೂ ಮಗುಚಿಕೊಳ್ಳುವುದು ಸಕ್ಕರೆಯಲ್ಲ, ಸಕ್ಕರೆಯ ಮೂಲಕ ಹಾದುಹೋಗುವ ಬೆಳಕಿನ ತಿರುವು. ಇದು ತುಸು ಕಷ್ಟದ ಭಾಗ, ಆದರೆ ವಿಷಯದ ಜೀವಾಳ ಇಲ್ಲೇ ಇದೆ. ಅವಸರ ಬೇಡ.

ಬೆಳಕು ಅಲೆಯಾಗಿ ಸಾಗುತ್ತದೆ. ಸಾಮಾನ್ಯ ಬೆಳಕಿನಲ್ಲಿ ಈ ಅಲೆಗಳು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ, ಓರೆಯಾಗಿ, ಹೀಗೆ ಎಲ್ಲ ದಿಕ್ಕಿಗೂ ಅಲುಗುತ್ತಿರುತ್ತವೆ. ಹಳೆಯ ಮನೆಯ ಜಗುಲಿಯಲ್ಲಿ ಮರದ ಸರಳುಗಳನ್ನು ನೆಟ್ಟಗೆ ನಿಲ್ಲಿಸಿದ ಕಿಟಕಿ ಇರುತ್ತದಲ್ಲ, ಎರಡು ಸರಳುಗಳ ನಡುವೆ ಒಂದು ಹಗ್ಗ ಹಾಯಿಸಿ ಅಲುಗಿಸಿ ನೋಡಿ. ಮೇಲೆ ಕೆಳಗಿನ ಅಲೆ ಆಚೆ ದಾಟುತ್ತದೆ, ಅಡ್ಡಡ್ಡ ಅಲೆ ಸರಳಿಗೆ ತಾಗಿ ಸಾಯುತ್ತದೆ. ಬೆಳಕಿಗೂ ಇಂಥ ಸರಳುಗಳ ಕೆಲಸ ಮಾಡುವ ಪಟಲಗಳಿವೆ. ಅವುಗಳ ಮೂಲಕ ಹಾದು ಬಂದ ಬೆಳಕು ಒಂದೇ ದಿಕ್ಕಿನಲ್ಲಿ ಅಲುಗುತ್ತದೆ. ಅದಕ್ಕೆ ಧ್ರುವೀಕೃತ ಬೆಳಕು ಎನ್ನುತ್ತೇವೆ. ನಿಮ್ಮ ಮೊಬೈಲಿನ ಪರದೆಯಿಂದ ಹೊರಡುವ ಬೆಳಕೂ ಸಾಮಾನ್ಯವಾಗಿ ಇಂಥದ್ದೇ. ಪೋಲರಾಯ್ಡ್ ತಂಪು ಕನ್ನಡಕ ಹಾಕಿಕೊಂಡು ಮೊಬೈಲನ್ನು ನಿಧಾನವಾಗಿ ತಿರುಗಿಸಿದರೆ, ಬಹಳಷ್ಟು ಮೊಬೈಲುಗಳಲ್ಲಿ ಒಂದು ಕೋನದಲ್ಲಿ ಪರದೆ ಕಪ್ಪಾಗುವುದನ್ನು ನೋಡಬಹುದು.

ಇಂಥ ಬೆಳಕನ್ನು ಸಕ್ಕರೆಯ ದ್ರಾವಣದೊಳಗೆ ಹಾಯಿಸಿದರೆ, ಆಚೆ ಬರುವಾಗ ಅದರ ಅಲುಗಾಟದ ದಿಕ್ಕು ಒಂದಿಷ್ಟು ಓರೆಯಾಗಿರುತ್ತದೆ. ಫ್ರಾನ್ಸಿನ ಜ್ಯಾಂ ಬಾಪ್ಟಿಸ್ಟ್ ಬಿಯೋ 1815ರಲ್ಲಿ ದ್ರವಗಳ ಈ ಗುಣವನ್ನು ಕಂಡ. ಎಷ್ಟು ಓರೆ ಎಂಬುದನ್ನು ಅಳೆಯುವ ಉಪಕರಣಕ್ಕೆ ಪೋಲಾರಿಮೀಟರ್ ಎಂದು ಹೆಸರು. ಒಪ್ಪಿತವಾದ ಅಳತೆಯಲ್ಲಿ ಸುಕ್ರೋಸ್ ಬೆಳಕನ್ನು ಬಲಕ್ಕೆ 66.5 ಡಿಗ್ರಿ ತಿರುಗಿಸುತ್ತದೆ. ಗ್ಲೂಕೋಸ್ ಕೂಡ ಬಲಕ್ಕೇ, 52.5 ಡಿಗ್ರಿ. ಫ್ರಕ್ಟೋಸ್ ಮಾತ್ರ ಎಡಕ್ಕೆ, ಅದೂ 92.4 ಡಿಗ್ರಿ.

ಈಗ ಲೆಕ್ಕ ನೀವೇ ಮಾಡಿ. ಸುಕ್ರೋಸ್ ಪೂರ್ತಿ ಒಡೆದಾಗ ಅರ್ಧ ಗ್ಲೂಕೋಸ್, ಅರ್ಧ ಫ್ರಕ್ಟೋಸ್. ಬಲಕ್ಕೆ ಎಳೆಯುವ 52.5ರಿಂದ ಎಡಕ್ಕೆ ಎಳೆಯುವ 92.4ನ್ನು ಕಳೆದರೆ ಎಡಕ್ಕೆ 39.9 ಉಳಿಯಿತು. ಎರಡೂ ಅರ್ಧರ್ಧ ಇರುವುದರಿಂದ ಅದನ್ನು ಎರಡರಿಂದ ಭಾಗಿಸಿ, ಎಡಕ್ಕೆ ಸುಮಾರು 20 ಡಿಗ್ರಿ. ಶುರುವಿನಲ್ಲಿ ಬಲಕ್ಕೆ 66.5 ಇದ್ದ ತಿರುವು ಕ್ರಮೇಣ ಇಳಿದು, ಸೊನ್ನೆ ದಾಟಿ, ಎಡಕ್ಕೆ 20ರಲ್ಲಿ ನಿಂತಿತು. ಬಲವಿದ್ದದ್ದು ಎಡವಾಯಿತು. ಇದೇ ಆ ಮಗುಚುವಿಕೆ. ಸಿಹಿಯನ್ನೋ ಗುಣವನ್ನೋ ತಲೆಕೆಳಗು ಮಾಡಿದ ಸಕ್ಕರೆ ಎಂದು ಯಾರಾದರೂ ಅರ್ಥ ಹೇಳಿದರೆ ನಂಬಬೇಡಿ. ನಮ್ಮಲ್ಲಿ ದ್ವಿತೀಯ ಪಿಯುಸಿಯ ರಸಾಯನಶಾಸ್ತ್ರದ ಜೈವಿಕ ಅಣುಗಳ ಪಾಠದಲ್ಲಿ ಈ ಲೆಕ್ಕ ಒಂದೇ ಪ್ಯಾರಾದಲ್ಲಿ ಮುಗಿದುಹೋಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು, ಅರ್ಥವಾಗುವುದಕ್ಕೆ ಸಾಲದು.

ಗ್ಲೂಕೋಸಿಗೆ ಡೆಕ್ಸ್‌ಟ್ರೋಸ್ ಎಂಬ ಇನ್ನೊಂದು ಹೆಸರಿರುವುದೂ ಈ ಬಲ ತಿರುವಿನಿಂದಲೇ. ತಾಲ್ಲೂಕು ಆಸ್ಪತ್ರೆಯಲ್ಲಿ ರೋಗಿಗೆ ಏರಿಸುವ ಡ್ರಿಪ್ ಬಾಟಲಿಯ ಮೇಲೆ ‘ಡೆಕ್ಸ್‌ಟ್ರೋಸ್’ ಎಂದು ಬರೆದಿರುವುದನ್ನು ನೀವು ನೋಡಿರಬಹುದು. ಲ್ಯಾಟಿನ್ನಿನಲ್ಲಿ ಡೆಕ್ಸ್‌ಟರ್ ಎಂದರೆ ಬಲ. ಫ್ರಕ್ಟೋಸಿಗೆ ಎಡವನ್ನು ಸೂಚಿಸುವ ಲೆವ್ಯುಲೋಸ್ ಎಂಬ ಹಳೆಯ ಹೆಸರಿದೆ. 1847ರಲ್ಲಿ ಫ್ರಕ್ಟೋಸನ್ನು ಮೊದಲು ಗುರುತಿಸಿದ ದ್ಯುಬ್ರುನ್‌ಫೋ ಅದನ್ನು ಕಂಡದ್ದು ಇದೇ ಮಗುಚಿದ ಸಕ್ಕರೆಯಲ್ಲಿ. ಇನ್ನೂ ಒಂದು ಸಂಗತಿ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. 1850ರಲ್ಲಿ ಜರ್ಮನಿಯ ವಿಲ್ಹೆಲ್ಮಿ ಎಂಬಾತ ಹುಳಿ ಬೆರೆಸಿದ ಸಕ್ಕರೆ ದ್ರಾವಣವನ್ನು ಪೋಲಾರಿಮೀಟರಿನಲ್ಲಿ ಇಟ್ಟು, ಹೊತ್ತು ಹೋದಂತೆ ಬೆಳಕು ಎಷ್ಟೆಷ್ಟು ತಿರುಗಿತು ಎಂದು ಬರೆದುಕೊಂಡ. ರಾಸಾಯನಿಕ ಕ್ರಿಯೆಯೊಂದರ ವೇಗವನ್ನು ಲೆಕ್ಕದ ಸೂತ್ರಕ್ಕೆ ತಂದದ್ದು ಅದೇ ಮೊದಲು. 1913ರಲ್ಲಿ ಮೈಕೇಲಿಸ್ ಮತ್ತು ಮೌಡ್ ಮೆಂಟೆನ್ ಇನ್ವರ್ಟೇಸ್ ಕಿಣ್ವದ ಮೇಲೆ ಇಂಥದ್ದೇ ಅಳತೆ ಮಾಡಿ ಕೊಟ್ಟ ಸಮೀಕರಣವನ್ನು ಇಂದಿಗೂ ಜೀವರಸಾಯನದ ಪ್ರತಿ ವಿದ್ಯಾರ್ಥಿಯೂ ಓದುತ್ತಾನೆ.

ಪುಸ್ತಕ ಮುಚ್ಚಿ ತೋಟಕ್ಕೆ ಹೋಗೋಣ. ಮಾರ್ಚ್–ಏಪ್ರಿಲಿನಲ್ಲಿ ಹೂಮಳೆ ಬಿದ್ದು ಕಾಫಿ ಅರಳಿದಾಗ ತುಡುವೆ ಹುಳುಗಳು ಸಡಗರದಿಂದ ಹಾರಾಡುತ್ತವೆ. ನರಸಿಂಹರಾಜಪುರದ ಕಡೆ ರಬ್ಬರ್ ತೋಟಗಳಿರುವಲ್ಲಿ ಹೂವಿಗೂ ಕಾಯಬೇಕಿಲ್ಲ. ರಬ್ಬರಿನ ಎಳೆಯ ಚಿಗುರಿನಲ್ಲಿ ಮೂರು ಎಲೆಗಳು ಕೂಡುವ ತೊಟ್ಟಿನ ತುದಿಯಲ್ಲೇ ಸಿಹಿರಸ ಜಿನುಗುತ್ತದೆ. ಹುಳು ಹೀರಿ ತರುವ ಮಕರಂದ ನೀರುನೀರು, ಅದರಲ್ಲಿರುವ ಸಕ್ಕರೆಯಲ್ಲಿ ದೊಡ್ಡ ಪಾಲು ಸುಕ್ರೋಸ್. ಹುಳುವಿನ ತಲೆಯಲ್ಲಿರುವ ಗ್ರಂಥಿಗಳು ಇನ್ವರ್ಟೇಸ್ ಕಿಣ್ವವನ್ನು ಅದಕ್ಕೆ ಬೆರೆಸುತ್ತವೆ. ಬಾಯಿಂದ ಬಾಯಿಗೆ ದಾಟುತ್ತ, ಎರಿಯ ಕೋಣೆಯಲ್ಲಿ ಕೂತು, ರೆಕ್ಕೆಯ ಗಾಳಿಗೆ ನೀರು ಆರುತ್ತ, ಸುಕ್ರೋಸ್ ಒಡೆಯುತ್ತ ಹೋಗುತ್ತದೆ. ಹದಕ್ಕೆ ಬಂದ ಮೇಲೆ ಹುಳುಗಳು ಮೇಣದ ಮುಚ್ಚಳ ಹಾಕುತ್ತವೆ.

ಹುಳುವಿಗೆ ಈ ಉಸಾಬರಿ ಏಕೆ ಎಂದು ನೀವು ಕೇಳಬೇಕು. ಉತ್ತರ ಕರಗುವಿಕೆಯಲ್ಲಿದೆ. 20 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಕ್ರೋಸನ್ನು ಎಷ್ಟೇ ಕರಗಿಸಿದರೂ 100 ಗ್ರಾಂ ದ್ರಾವಣದಲ್ಲಿ 67 ಗ್ರಾಂ ದಾಟುವುದಿಲ್ಲ, ಹೆಚ್ಚಾದದ್ದು ಹರಳಾಗುತ್ತದೆ. ಉಳಿದ 33 ಗ್ರಾಂ ನೀರು ಹುದುಗು ಬರಿಸುವ ಯೀಸ್ಟಿಗೆ ಧಾರಾಳವಾಯಿತು. ಗ್ಲೂಕೋಸ್ ಮತ್ತು ಫ್ರಕ್ಟೋಸ್ ಆಗಿ ಒಡೆದರೆ ಅದೇ 100 ಗ್ರಾಮಿನಲ್ಲಿ ಸುಮಾರು 80 ಗ್ರಾಂ ಸಕ್ಕರೆಯನ್ನು ದ್ರವರೂಪದಲ್ಲೇ ಇಡಬಹುದು. ನೀರು 20 ಗ್ರಾಮಿನ ಆಸುಪಾಸಿಗೆ ಇಳಿದಾಗ ಯೀಸ್ಟಿನ ಆಟ ನಡೆಯುವುದಿಲ್ಲ. ಸುಕ್ರೋಸನ್ನು ಒಡೆಯದ ಹುಳುವಿಗೆ ಮಳೆಗಾಲ ಕಳೆಯುವಷ್ಟು ದಿನ ಕೆಡದ ದಾಸ್ತಾನು ಸಿಗುತ್ತಿರಲಿಲ್ಲ. ನನ್ನ ಮಟ್ಟಿಗೆ ಮಗುಚಿದ ಸಕ್ಕರೆಯ ನಿಜವಾದ ಮಹತ್ವ ಬೆಳಕಿನ ತಿರುವಿಗಿಂತ ಇಲ್ಲಿದೆ. ಹೆಸರಿಟ್ಟವರ ಕಣ್ಣು ಉಪಕರಣದ ಮೇಲಿತ್ತು, ಅದರಿಂದ ಹೆಸರು ಹಾಗಾಯಿತು.

ಮಲೆನಾಡಿನ ತುಡುವೆ ಜೇನಿನಲ್ಲಿ ತೇವ ಸ್ವಲ್ಪ ಹೆಚ್ಚೇ ಇರುತ್ತದೆ, ನಮ್ಮ ಹವೆಯೇ ಹಾಗೆ. ಚಳಿಗೆ ಜೇನು ಬಾಟಲಿಯ ತಳದಲ್ಲಿ ಬೆಳ್ಳಗೆ ಗಟ್ಟಿಯಾದರೆ ‘ಸಕ್ಕರೆ ಬೆರೆಸಿದ್ದಾರೆ’ ಎಂದು ಮಾರಿದವರನ್ನು ಬೈಯುವವರು ಬಹಳ. ಆ ಬಿಳಿ ಹರಳು ಗ್ಲೂಕೋಸ್. ಮೊದಲೇ ಹೇಳಿದೆನಲ್ಲ, ಎರಡರಲ್ಲಿ ಹರಳಾಗಲು ಕಾಯುತ್ತಿರುವುದು ಅದು. ಗ್ಲೂಕೋಸ್ ಕೆಳಗೆ ಕೂತಾಗ ಮೇಲಿನ ದ್ರವದಲ್ಲಿ ನೀರಿನ ಪಾಲು ಹೆಚ್ಚುವುದರಿಂದ ಅಂಥ ಜೇನು ಹುಳಿ ಬರುವ ಸಂಭವವಿದೆ. ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನಲ್ಲಿ ಇಟ್ಟರೆ ಹರಳು ಕರಗುತ್ತದೆ. ಒಲೆಯ ಮೇಲೆ ಇಡಬೇಡಿ, ಕಾರಣ ಮುಂದೆ ಬರುತ್ತದೆ.

ಈಗ ಪಕ್ಕದ ಡಬ್ಬವನ್ನು ತೆಗೆಯಿರಿ. ಚಳಿಗಾಲದಲ್ಲಿ ಆಲೆಮನೆ ಹೂಡಿದಾಗ ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುತ್ತದೆ. ಅದು ನಾಲಗೆಗೆ ಸಿಹಿ, ಆದರೆ ರಸಾಯನದ ಲೆಕ್ಕದಲ್ಲಿ ಸ್ವಲ್ಪ ಹುಳಿ. ಹುಳಿಯೂ ಇದೆ, ಕೆಳಗೆ ಉರಿಯೂ ಇದೆ. ಹಾಗಾಗಿ ಕುದಿಯುವ ಹೊತ್ತೆಲ್ಲ ಸುಕ್ರೋಸಿನ ಒಂದು ಪಾಲು ಒಡೆಯುತ್ತಲೇ ಇರುತ್ತದೆ. ಅಚ್ಚುಬೆಲ್ಲ ಬೇಕಾದವರಿಗೆ ಇದು ಶತ್ರು. ಸುಣ್ಣ ಹಾಕಿ ಹುಳಿಯನ್ನು ತಗ್ಗಿಸುವುದು ಅದಕ್ಕೇ. ಬೆಂಡೆ ಗಿಡದ ಲೋಳೆ ಹಾಕುವುದು ಬೇರೆ ಕೆಲಸಕ್ಕೆ, ಕೊಳೆಯನ್ನು ನೊರೆಯ ಜೊತೆ ಮೇಲೆತ್ತಲು. ಕಡಿದ ಕಬ್ಬನ್ನು ನಾಲ್ಕಾರು ದಿನ ರಾಶಿ ಹಾಕಿಟ್ಟು ಅರೆದರೆ ಬೆಲ್ಲ ಕಟ್ಟುವುದಿಲ್ಲ ಎಂದು ರೈತರು ಹೇಳುತ್ತಾರೆ. ಮಾತು ಸರಿ. ಕಬ್ಬಿನೊಳಗೇ ಇರುವ ಇನ್ವರ್ಟೇಸ್ ಅಷ್ಟರಲ್ಲಿ ತನ್ನ ಕೆಲಸ ಮುಗಿಸಿರುತ್ತದೆ.

ಜೋನಿಬೆಲ್ಲ ಬೇಕಾದವರಿಗೆ ಅದೇ ಶತ್ರು ಮಿತ್ರ. ಗಟ್ಟಿ ಬೆಲ್ಲಕ್ಕೆ ಪಾಕ 118 ಡಿಗ್ರಿಯ ಹತ್ತಿರ ಬರಬೇಕು. ಜೋನಿಗೆ 105–106ರಲ್ಲೇ ಕೊಪ್ಪರಿಗೆ ಇಳಿಸುತ್ತಾರೆ. ನುರಿತವರಿಗೆ ಥರ್ಮಾಮೀಟರ್ ಬೇಡ, ಸಟ್ಟುಗದಿಂದ ಇಳಿಯುವ ಎಳೆ ನೋಡಿಯೇ ಹದ ಹೇಳುತ್ತಾರೆ. ದ್ರವಬೆಲ್ಲದಲ್ಲಿ ಸಾಮಾನ್ಯವಾಗಿ 40ರಿಂದ 60 ಶೇಕಡ ಸುಕ್ರೋಸ್, 15ರಿಂದ 25 ಶೇಕಡ ಇನ್ವರ್ಟ್ ಸಕ್ಕರೆ ಇರುತ್ತದೆ, ಉಳಿದದ್ದು ಹೆಚ್ಚಾಗಿ ನೀರು. ಬೆಳಗ್ಗೆ ದೋಸೆಯ ಮೇಲೆ ಅದು ಹರಿಯುವುದು ನೀರಿನಿಂದ ಮಾತ್ರವಲ್ಲ, ಈ 15–25 ಶೇಕಡದಿಂದಲೂ ಹೌದು. ಆದರೂ ಡಬ್ಬದ ತಳಕ್ಕೆ ಚಮಚ ಹಾಕಿದರೆ ಕರಕರ ಹರಳು ಸಿಗುತ್ತದೆ. ಆ ಹರಳು ಸುಕ್ರೋಸ್. ಜೇನಿನ ತಳದಲ್ಲಿ ಕೂತದ್ದು ಗ್ಲೂಕೋಸ್, ಜೋನಿಯ ತಳದಲ್ಲಿ ಕೂತದ್ದು ಸುಕ್ರೋಸ್. ಒಂದರಲ್ಲಿ ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಮಗುಚಿದೆ, ಇನ್ನೊಂದರಲ್ಲಿ ಅರೆಬರೆ. ಈ ವ್ಯತ್ಯಾಸ ನಿಮಗೆ ಹಿಡಿದರೆ ಪಾಠದ ಮುಕ್ಕಾಲು ಪಾಲು ಹಿಡಿದಂತೆ.

ಇದನ್ನು ಕಣ್ಣಾರೆ ನೋಡಬೇಕಾದರೆ ಯಾವುದೇ ಪಿಯು ಕಾಲೇಜಿನ ಪ್ರಯೋಗಾಲಯ ಸಾಕು. ಬೆನೆಡಿಕ್ಟ್ ದ್ರಾವಣವೆಂಬ ನೀಲಿ ದ್ರವವಿದೆ, ಅದರ ನೀಲಿ ತಾಮ್ರದ್ದು. ಗ್ಲೂಕೋಸ್, ಫ್ರಕ್ಟೋಸ್ ಬೆರೆಸಿ ಬಿಸಿ ಮಾಡಿದರೆ ಅದು ಹಸಿರಾಗಿ, ಹಳದಿಯಾಗಿ, ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಹೀಗೆ ಮಾಡಬಲ್ಲ ಸಕ್ಕರೆಗಳಿಗೆ ಅಪಕರ್ಷಕ ಸಕ್ಕರೆಗಳೆಂದು ಹೆಸರು. ಸುಕ್ರೋಸಿನಲ್ಲಿ ಈ ಕೆಲಸ ಮಾಡಬೇಕಾದ ಎರಡೂ ತುದಿಗಳು ಬೆಸುಗೆಯಲ್ಲೇ ಸಿಕ್ಕಿಕೊಂಡಿರುವುದರಿಂದ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಈಗ ಸಕ್ಕರೆ ನೀರಿಗೆ ಕೆಲವು ಹನಿ ತೆಳು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಕೆಲ ನಿಮಿಷ ಕಾಯಿಸಿ, ತಣಿದ ಮೇಲೆ ಅಡುಗೆ ಸೋಡಾ ಹಾಕಿ ಆಮ್ಲವನ್ನು ಕಳೆದು, ಮತ್ತೆ ಪರೀಕ್ಷಿಸಿ. ಇಟ್ಟಿಗೆ ಕೆಂಪು ಬಂದೇ ಬರುತ್ತದೆ. ಬೆಲ್ಲ, ಜೇನಿನ ವರದಿಗಳಲ್ಲಿ ‘ಅಪಕರ್ಷಕ ಸಕ್ಕರೆ’ ಎಂಬ ಸಾಲು ಕಂಡರೆ, ಬಹುಮಟ್ಟಿಗೆ ಅದು ನಮ್ಮ ಮಗುಚಿದ ಸಕ್ಕರೆಯ ಅಳತೆಯೇ.

ಇನ್ನು ಪದದ ಬಳಕೆ. ಒಂದೇ ಪದ ಮೂರು ಕಡೆ ಮೂರು ಬಗೆಯಾಗಿ ಕೇಳಿಸುತ್ತದೆ, ಹೊಸಬರು ಎಡವುವುದು ಇಲ್ಲಿ. ಬಿಸ್ಕತ್ತಿನ ಪೊಟ್ಟಣದಲ್ಲಿ ಅದು ಒಂದು ಸಾಮಗ್ರಿಯ ಹೆಸರು ಮಾತ್ರ, ಹೆದರಬೇಕಾದ್ದಿಲ್ಲ. ಬೆಲ್ಲದ ವರದಿಯಲ್ಲಿ ಅದು ಹದದ ಅಳತೆ. ಜೇನಿನ ವರದಿಯಲ್ಲಿ ಮಾತ್ರ ಅದು ಆರೋಪವಾಗಬಹುದು. ಜೇನು ಸ್ವಭಾವತಃ ಮಗುಚಿದ ಸಕ್ಕರೆಯೇ ಆಗಿರುವಾಗ ‘ಇನ್ವರ್ಟ್ ಸಕ್ಕರೆ ಬೆರೆಸಲಾಗಿದೆ’ ಎಂದರೇನು? ಹುಳು ಒಡೆದದ್ದಲ್ಲ, ಮನುಷ್ಯರು ಆಮ್ಲ ಹಾಕಿ ಕಾಯಿಸಿ ಒಡೆದದ್ದನ್ನು ತಂದು ಸುರಿದಿದ್ದಾರೆ ಎಂದರ್ಥ.

ಅಣುಗಳು ಒಂದೇ ಆಗಿದ್ದರೆ ಪತ್ತೆ ಹೇಗೆ? ಆಮ್ಲ ಮತ್ತು ಬಿಸಿ ಸೇರಿದಾಗ ಫ್ರಕ್ಟೋಸಿನ ಸ್ವಲ್ಪ ಭಾಗ ನೀರು ಕಳೆದುಕೊಂಡು ಎಚ್‌ಎಂಎಫ್ ಎಂಬ ವಸ್ತುವಾಗುತ್ತದೆ. ಹೊಸ ಜೇನಿನಲ್ಲಿ ಅದು ತೀರ ಕಡಿಮೆ. ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಇದಕ್ಕೆ ಕಿಲೋಗೆ 40 ಮಿಲಿಗ್ರಾಂ, ಉಷ್ಣವಲಯದ ಜೇನಿಗೆ 80 ಮಿಲಿಗ್ರಾಂ ಮಿತಿ ಇಟ್ಟಿದೆ. ಒಳ್ಳೆಯ ಜೇನನ್ನೂ ಒಲೆಯ ಮೇಲೆ ಕುದಿಸಿದರೆ ಎಚ್‌ಎಂಎಫ್ ಏರುತ್ತದೆ. ಬೆಚ್ಚಗಿನ ನೀರು ಸಾಕು ಎಂದದ್ದು ಆ ಕಾರಣಕ್ಕೆ. ಕಿಣ್ವದಿಂದ ಒಡೆದ ಸಿರಪ್ ಬೆರೆಸಿದರೆ ಈ ಪರೀಕ್ಷೆ ಸಾಲದು. ಆಗ ಇಂಗಾಲವನ್ನೇ ಪರೀಕ್ಷಿಸುತ್ತಾರೆ. ಕಬ್ಬು, ಮೆಕ್ಕೆಜೋಳ ಗಾಳಿಯಿಂದ ಇಂಗಾಲ ಹಿಡಿಯುವ ಬಗೆ ಬೇರೆ, ಕಾಫಿ, ನೇರಳೆ, ಮತ್ತಿಯಂಥ ಗಿಡಮರಗಳ ಬಗೆ ಬೇರೆ. ಅದರಿಂದ ಕಬ್ಬಿನ ಸಕ್ಕರೆಯಲ್ಲಿ ತುಸು ಭಾರದ ಇಂಗಾಲ, ಅಂದರೆ ಕಾರ್ಬನ್–13, ಸ್ವಲ್ಪ ಹೆಚ್ಚಿರುತ್ತದೆ. ಮಳೆಗಾಲದ ಬರಗಾಲದಲ್ಲಿ ಪೆಟ್ಟಿಗೆಯ ಹುಳುಗಳಿಗೆ ಸಕ್ಕರೆ ಪಾಕ ಕೊಡುವುದು ವಾಡಿಕೆ, ತಪ್ಪೂ ಅಲ್ಲ. ಆದರೆ ಜೇನು ಕೂಡುವ ಕಾಲದಲ್ಲೂ ಕೊಡುತ್ತಿದ್ದರೆ ಹುಳು ಅದನ್ನೂ ಚೆನ್ನಾಗಿಯೇ ಮಗುಚಿ ಇಡುತ್ತದೆ, ಮತ್ತು ಕಾರ್ಬನ್–13 ಅದನ್ನು ಬಿಟ್ಟುಕೊಡುತ್ತದೆ.

ಮಧುಮೇಹ ಇರುವವರಿಗೆ ಇಲ್ಲೊಂದು ಮಾತು: ಜೇನಾಗಲಿ ಜೋನಿಯಾಗಲಿ, ಅದರೊಳಗಿನ ಗ್ಲೂಕೋಸ್ ರಕ್ತದಲ್ಲಿ ಅಳೆಯುವ ಗ್ಲೂಕೋಸೇ. ‘ಇದು ಬೇರೆ ಸಕ್ಕರೆ’ ಎಂಬ ರಿಯಾಯಿತಿ ಸಿಗುವುದಿಲ್ಲ.

ಇಷ್ಟು ತಿಳಿದ ಮೇಲೆ ನಿಮಗೆ ಒಂದು ಅಪವಾದವನ್ನು ಹೇಳಬಹುದು. ಹಳೆಯ ಗೋಡೆಯ ಸಂದಿಯಲ್ಲಿ, ಮರದ ಪೊಟರೆಯಲ್ಲಿ ಕೂರುವ ಕೊಂಡಿಯಿಲ್ಲದ ಮಿಸರಿ ಜೇನು ನಿಮಗೆ ಗೊತ್ತು. ನಸರಿ ಎಂದೂ ಕರೆಯುತ್ತಾರೆ. ಅದರ ತುಪ್ಪ ತೆಳು, ಹುಳಿಮಿಶ್ರಿತ ಸಿಹಿ, ಔಷಧಿಗೆಂದು ಚಮಚದ ಲೆಕ್ಕದಲ್ಲಿ ತೆಗೆದಿಡುವಂಥದ್ದು. 2020ರಲ್ಲಿ ಆಸ್ಟ್ರೇಲಿಯ, ಮಲೇಷ್ಯಾ, ಬ್ರೆಜಿಲ್‌ಗಳ ಕೊಂಡಿಯಿಲ್ಲದ ಜೇನುಗಳ ತುಪ್ಪವನ್ನು ಪರೀಕ್ಷಿಸಿದಾಗ ಟ್ರೆಹಲುಲೋಸ್ ಎಂಬ ಅಪರೂಪದ ಸಕ್ಕರೆ ದೊಡ್ಡ ಪ್ರಮಾಣದಲ್ಲಿ ಸಿಕ್ಕಿತು. ಅದೂ ಒಂದು ಗ್ಲೂಕೋಸ್, ಒಂದು ಫ್ರಕ್ಟೋಸ್ ಸೇರಿದ ಜೋಡಿಯೇ, ಆದರೆ ಬೆಸುಗೆ ಬಿದ್ದಿರುವ ಜಾಗ ಬೇರೆ. ಆ ಹುಳುಗಳು ಸುಕ್ರೋಸನ್ನು ಬಿಡಿಸಿ ಸುಮ್ಮನಾಗದೆ ಇನ್ನೊಂದು ಕಡೆ ಜೋಡಿಸಿಯೂ ಇಡುತ್ತವೆ. ಸುಕ್ರೋಸಿನಲ್ಲಿ ಬೆಸುಗೆಯೊಳಗೆ ಸಿಕ್ಕಿಕೊಂಡಿದ್ದ ಎರಡು ತುದಿಗಳಲ್ಲಿ ಒಂದು ಟ್ರೆಹಲುಲೋಸಿನಲ್ಲಿ ಬಿಡುವಾಗಿರುತ್ತದೆ. ಹಾಗಾದರೆ ಬೆನೆಡಿಕ್ಟ್ ದ್ರಾವಣಕ್ಕೆ ಅದನ್ನು ಹಾಕಿ ಬಿಸಿ ಮಾಡಿದರೆ ಯಾವ ಬಣ್ಣ ಬಂದೀತು ಎಂಬುದನ್ನು ಈಗ ನೀವೇ ಹೇಳಬಲ್ಲಿರಿ.